ಕಾಂಡ್ಲಾ ನೆಡುವ ಮೊದಲು: ಓದುಗರ ಪ್ರಶ್ನೆ, ನಮ್ಮ ಉತ್ತರ

ಮಳೆ ಹಿಡಿಯುತ್ತಿದ್ದಂತೆ ಕರಾವಳಿಯ ಶಾಲೆ, ಯುವಕ ಮಂಡಲ, ಸ್ವಸಹಾಯ ಸಂಘಗಳಿಂದ ಕಾಂಡ್ಲಾ (ಮ್ಯಾಂಗ್ರೋವ್) ನೆಡುವ ಬಗ್ಗೆ ಪತ್ರಗಳು ಬರತೊಡಗುತ್ತವೆ. ಈ ಸಲ ಬಂದವುಗಳಲ್ಲಿ ಹೆಚ್ಚಿನವು ‘ಎಷ್ಟು ಗಿಡ, ಎಲ್ಲಿ ಸಿಗುತ್ತದೆ’ ಎಂದು ಕೇಳಿವೆ. ಹೊಳೆಯ ನೀರು ಆ ಜಾಗಕ್ಕೆ ಹೇಗೆ ಬಂದು ಹೋಗುತ್ತದೆ, ಆ ಕೆಸರಿನಲ್ಲಿ ಯಾರ ದುಡಿಮೆ ಇದೆ ಎಂಬ ಎರಡು ಪ್ರಶ್ನೆ ಅದಕ್ಕೂ ಮೊದಲು ಬರಬೇಕು. ಉತ್ತರಗಳನ್ನು ಆ ಲೆಕ್ಕದಲ್ಲೇ ಬರೆದಿದ್ದೇವೆ.

ಪ್ರಶ್ನೆ: ನಮ್ಮ ಶಾಲೆಯಿಂದ ಅಘನಾಶಿನಿ ಹೊಳೆ ಹತ್ತಿರ. ಜುಲೈ 26ರ ಕಾಂಡ್ಲಾ ದಿನಾಚರಣೆಗೆ 8 ಮತ್ತು 9ನೇ ತರಗತಿಯ 40 ಮಕ್ಕಳಿಂದ 500 ಗಿಡ ನೆಡಿಸಬೇಕೆಂದಿದ್ದೇವೆ. ಏನೇನು ತಯಾರಿ ಬೇಕು?
– ವಿಜ್ಞಾನ ಶಿಕ್ಷಕಿ, ಕುಮಟಾ ತಾಲ್ಲೂಕು

ಉತ್ತರ: ಮೇಡಂ, ದಿನವನ್ನು ಕ್ಯಾಲೆಂಡರ್ ನೋಡಿ ಗೊತ್ತು ಮಾಡಿದ್ದೀರಿ. ಈ ಕೆಲಸಕ್ಕೆ ನೋಡಬೇಕಾದದ್ದು ತಿಥಿ. ಅಮಾವಾಸ್ಯೆ, ಹುಣ್ಣಿಮೆಯ ಆಸುಪಾಸಿನಲ್ಲಿ ಉಬ್ಬರ ದೊಡ್ಡದು, ಇಳಿತವೂ ದೊಡ್ಡದು. ಅಷ್ಟಮಿಯ ಸುತ್ತ ಎರಡೂ ಸಣ್ಣವು. ದೊಡ್ಡ ಉಬ್ಬರಕ್ಕೆ ಮುಂಚಿನ ದಿನ ಊರಿದ ಕೋಡನ್ನು (ಕಾಂಡ್ಲಾದ ಮೊಳೆತ ಬೀಜವನ್ನು) ಮಾರನೇ ದಿನವೇ ನೀರು ಕಿತ್ತೊಯ್ಯುತ್ತದೆ. ದೊಡ್ಡ ಉಬ್ಬರ ಇಳಿಮುಖವಾಗಿ ಅಷ್ಟಮಿಯತ್ತ ಸಾಗುವಾಗ ನೆಟ್ಟರೆ ಕೆಲವು ದಿನ ನೀರು ಶಾಂತವಾಗಿರುತ್ತದೆ, ಮಣ್ಣು ಕೋಡನ್ನು ಹಿಡಿದುಕೊಳ್ಳುತ್ತದೆ. ಇನ್ನೊಂದು ತೊಡಕು ಮಳೆಯದು. ಅಘನಾಶಿನಿಗೆ ಅಣೆಕಟ್ಟಿಲ್ಲ, ಘಟ್ಟದಲ್ಲಿ ಸುರಿದದ್ದೆಲ್ಲ ನೇರ ಕೆಳಗೆ ಬರುತ್ತದೆ. ಜುಲೈ ಕೊನೆಯ ಕೆಂಪು ನೀರಿನ ಸೆಳೆತದಲ್ಲಿ ಮಕ್ಕಳನ್ನು ದಂಡೆಗೆ ಇಳಿಸುವುದೇ ತಪ್ಪು.

ಆದ್ದರಿಂದ ಒಂದು ದಿನದ ಕಾರ್ಯಕ್ರಮವನ್ನು ಇಡೀ ವರ್ಷಕ್ಕೆ ಹರಡಿ. ಜೂನ್‌ನಲ್ಲಿ, ಮಳೆ ಜೋರಾಗುವ ಮೊದಲು, ನೀರಿನ ಕೋಲು ನಿಲ್ಲಿಸಿ. ಎರಡು ಮೀಟರ್ ಉದ್ದದ ಪಿವಿಸಿ ಪೈಪಿಗೆ ಹತ್ತು ಸೆಂಟಿಮೀಟರಿಗೊಂದರಂತೆ ಕೆಂಪು–ಬಿಳಿ ಪಟ್ಟೆ ಬಳಿದು ದಕ್ಕೆಯ ಕಂಬಕ್ಕೋ ಮೋರಿಯ ಗೋಡೆಗೋ ಬಿಗಿಯಾಗಿ ಕಟ್ಟಿ. ಅಮಾವಾಸ್ಯೆಯ ಮಾರನೇ ದಿನ ಒಮ್ಮೆ, ಅಷ್ಟಮಿಯ ಮಾರನೇ ದಿನ ಒಮ್ಮೆ, ಬೆಳಿಗ್ಗೆ 7ರಿಂದ ಸಂಜೆ 5ರವರೆಗೆ ಅರ್ಧ ಗಂಟೆಗೊಮ್ಮೆ ಇಬ್ಬಿಬ್ಬರು ಮಕ್ಕಳು ದಡದಿಂದಲೇ ಓದಿ ಬರೆದುಕೊಳ್ಳಲಿ. ಎರಡೂ ದಿನದ ಗೆರೆಯನ್ನು ಒಂದೇ ಗ್ರಾಫ್ ಹಾಳೆಯಲ್ಲಿ ಎಳೆದರೆ ಗಣಿತದ ಪಾಠವೂ ಆಯಿತು, ಉಬ್ಬರ ದಿನಕ್ಕೆ ಸುಮಾರು 50 ನಿಮಿಷ ತಡವಾಗುತ್ತ ಹೋಗುವುದೂ ತಿಳಿಯಿತು. ಕಾರವಾರ ಬಂದರಿನ ಉಬ್ಬರ ಪಟ್ಟಿಯ ಜತೆ ಹೋಲಿಸಿ. ಹೊಳೆಯ ಒಳಭಾಗದಲ್ಲಿ ಉಬ್ಬರ ತಡವಾಗಿ ಬರುತ್ತದೆ, ಆ ಅಂತರ ನಿಮ್ಮ ಊರಿನದೇ ಲೆಕ್ಕ. ಭಾರಿ ಮಳೆ ಬಂದ ದಿನದ ಅಳತೆಯನ್ನು ಬಿಟ್ಟುಬಿಡಿ.

ಜುಲೈ 26ರಂದು ಮಕ್ಕಳು ಶಾಲೆಯ ಜಗಲಿಯಲ್ಲೇ ಕೋಡು ಆರಿಸಿ ಚೀಲದಲ್ಲಿ ಊರಲಿ. ಅದರ ಕ್ರಮ ಮುಂದಿನ ಉತ್ತರವೊಂದರಲ್ಲಿದೆ. ನೆಡುವುದು ಸೆಪ್ಟೆಂಬರಿನಲ್ಲಿ, ಸೆಳೆತ ತಗ್ಗಿದ ಮೇಲೆ. ಜನವರಿಯಲ್ಲಿ ಮತ್ತೆ ಹೋಗಿ ಬದುಕಿದವನ್ನು ಎಣಿಸಬೇಕು. ಎಣಿಸುವ ಈ ದಿನವನ್ನೇ ಹೆಚ್ಚಿನ ಶಾಲೆಗಳು ಬಿಡುತ್ತವೆ, ಮಕ್ಕಳು ಅತಿ ಹೆಚ್ಚು ಕಲಿಯುವುದೂ ಆ ದಿನವೇ.

ಐದುನೂರರ ಬದಲು 120 ಗಿಡ ಸಾಕು, ಮಗುವಿಗೆ ಮೂರು. ಹತ್ತು ಮಕ್ಕಳಿಗೆ ಒಬ್ಬ ದೊಡ್ಡವರು, ಜತೆಗೆ ಆ ಜಾಗ ಬಲ್ಲ ಒಬ್ಬ ಮೀನುಗಾರರು ಇರಲಿ. ಚಪ್ಪಲಿ ಕೆಸರಿನಲ್ಲಿ ಕಚ್ಚಿಕೊಳ್ಳುತ್ತದೆ, ಬರಿಗಾಲಿಗೆ ಕಲ್ವದ (ಸಿಂಪಿಯ) ಚಿಪ್ಪು ಬ್ಲೇಡಿನಂತೆ ಕೊಯ್ಯುತ್ತದೆ. ಹಳೆಯ ಲೇಸ್ ಶೂ ಹಾಕಿಸಿ. ಕಾಲಿನಲ್ಲಿ ಗಾಯ ಇರುವ ಮಕ್ಕಳು ದಡದಲ್ಲೇ ಕುಳಿತು ಲೆಕ್ಕ ಬರೆಯಲಿ, ಏಕೆಂದರೆ ಮಳೆಗಾಲದ ಕೆಸರಿನಿಂದ ಇಲಿಜ್ವರದ ಭಯ ಇದ್ದೇ ಇದೆ. ಕಾಂಡ್ಲಾ ಕಾಡಿನ ಅಂಚಿನಲ್ಲಿ ಬೆಳೆಯುವ, ಕಿತ್ತರೆ ಬಿಳಿ ಹಾಲು ಬರುವ ಎಕ್ಸೋಕೇರಿಯಾ ಮರವನ್ನು ಮೊದಲೇ ತೋರಿಸಿ. ಆ ಹಾಲು ಕಣ್ಣಿಗೆ ಸಿಡಿದರೆ ಬಹಳ ಅಪಾಯ. ಹಾಗಾದರೆ ತಡಮಾಡದೆ ಶುದ್ಧ ನೀರಿನಿಂದ ಹದಿನೈದು ನಿಮಿಷ ತೊಳೆದು ಆಸ್ಪತ್ರೆಗೆ ಕರೆದೊಯ್ಯಬೇಕು. ಇಳಿತ ತಳ ಮುಟ್ಟುವ ಒಂದೂವರೆ ಗಂಟೆ ಮೊದಲು ಇಳಿಯಿರಿ, ನೀರು ತಿರುಗಿದ ಕೂಡಲೇ ಎಲ್ಲರೂ ಮೇಲೆ ಬರಬೇಕು. ಕೆಲಸ ಮುಗಿಯದಿದ್ದರೂ ಸರಿ.

ಪ್ರಶ್ನೆ: ಎರಡು ವರ್ಷದ ಹಿಂದೆ ನಮ್ಮ ಯುವಕ ಮಂಡಲ ಹೊಳೆಬದಿಯ ಖಾಲಿ ಕೆಸರಿನಲ್ಲಿ 3,000 ಕಾಂಡ್ಲಾ ನೆಟ್ಟಿತ್ತು. ಈಗ ನೂರೂ ಇಲ್ಲ. ಉಳಿದವುಗಳ ಕಾಂಡಕ್ಕೆ ಸುಣ್ಣದಂಥ ಬಿಳಿ ಚಿಪ್ಪು ಮೆತ್ತಿಕೊಂಡಿದೆ. ಗಿಡ ಚೆನ್ನಾಗಿಯೇ ಇದ್ದವು. ಮತ್ತೆ ನೆಟ್ಟರೆ ಬರಬಹುದೇ?
– ಬೈಂದೂರು

ಉತ್ತರ: ಅದೇ ಜಾಗದಲ್ಲಿ ನೆಟ್ಟರೆ ಮತ್ತೆ ಹೋಗುತ್ತವೆ. ಆ ಬಿಳಿ ಚಿಪ್ಪು ಬಾರ್ನಕಲ್. ದಿನದ ಬಹುಪಾಲು ನೀರಿನಡಿ ಇರುವ ವಸ್ತುವಿನ ಮೇಲೆ ಅದು ದಟ್ಟವಾಗಿ ಬೆಳೆಯುತ್ತದೆ, ದೋಣಿಯ ಅಡಿಗೆ ಹತ್ತುವಂತೆ. ಎಳೆಯ ಕಾಂಡದ ಉಸಿರುರಂಧ್ರ ಮುಚ್ಚುತ್ತದೆ, ಭಾರಕ್ಕೆ ಗಿಡ ವಾಲುತ್ತದೆ, ಮುಂದಿನ ಸೆಳೆತಕ್ಕೆ ಬೀಳುತ್ತದೆ. ಕೆರೆದು ತೆಗೆದರೆ ತೊಗಟೆ ಹೋಗುತ್ತದೆ, ಚಿಪ್ಪು ತಿಂಗಳೊಳಗೆ ಮತ್ತೆ ಬರುತ್ತದೆ. ಗಿಡದಲ್ಲಿ ದೋಷವಿಲ್ಲ, ನೆಲ ತಗ್ಗಾಯಿತು.

ಕಾಂಡ್ಲಾ ‘ನೀರಿನ ಮರ’ ಎಂಬ ಮಾತು ನಮ್ಮನ್ನು ದಾರಿ ತಪ್ಪಿಸಿದೆ. ಅದು ನೀರು ಬಂದು ಹೋಗುವ ಜಾಗದ ಮರ. ಸರಾಸರಿ ಸಮುದ್ರಮಟ್ಟಕ್ಕಿಂತ ಮೇಲೆ, ದೊಡ್ಡ ಉಬ್ಬರದ ಗೆರೆಗಿಂತ ಕೆಳಗೆ ಇರುವ ಪಟ್ಟಿಯಲ್ಲಷ್ಟೇ ಅದು ನಿಲ್ಲುತ್ತದೆ. ನಮ್ಮ ಕರಾವಳಿಯಲ್ಲಿ ದೊಡ್ಡ ಉಬ್ಬರ–ಇಳಿತದ ಅಂತರ ಸುಮಾರು ಒಂದೂವರೆಯಿಂದ ಎರಡು ಮೀಟರ್. ಹಾಗಾಗಿ ಮೂವತ್ತು ನಲವತ್ತು ಸೆಂಟಿಮೀಟರ್ ತಗ್ಗು ಎಂದರೆ ಬದುಕು–ಸಾವಿನ ಅಂತರ. ಖಾಲಿ ಕೆಸರು ಖಾಲಿ ಇರುವುದಕ್ಕೆ ಕಾರಣ ಸಾಮಾನ್ಯವಾಗಿ ಇದೇ. ಪಕ್ಕದಲ್ಲೇ ತಾಯಿಮರಗಳಿದ್ದು, ವರ್ಷ ವರ್ಷ ಕೋಡು ತೇಲಿ ಬಂದರೂ ಅಲ್ಲಿ ಒಂದು ಗಿಡವೂ ಏಳದಿದ್ದರೆ ಆ ನೆಲ ‘ಇಲ್ಲಿ ಬೇಡ’ ಎನ್ನುತ್ತಿದೆ ಎಂದೇ ಅರ್ಥ.

ಅಳೆಯುವುದಕ್ಕೆ ದುಬಾರಿ ಯಂತ್ರ ಬೇಡ. ಗಾರೆ ಕೆಲಸದವರ ಬಳಿಯ ನೀರಿನ ಟ್ಯೂಬ್ ಸಾಕು, 20 ಮೀಟರ್ ಉದ್ದದ್ದು. ಗಾಳಿಗುಳ್ಳೆ ಇಲ್ಲದಂತೆ ನೀರು ತುಂಬಿ. ಒಂದು ತುದಿಯನ್ನು ಸಹಜವಾಗಿ ಬೆಳೆದ, ಎರಡು ಮೂರು ವರ್ಷದ ಎಳೆ ಕಾಂಡ್ಲಾ ಬುಡದಲ್ಲಿ ಸ್ಕೇಲಿನ ಜತೆ ನೆಟ್ಟಗೆ ಹಿಡಿಯಿರಿ, ಇನ್ನೊಂದನ್ನು ನೀವು ನೆಡಬೇಕೆಂದಿರುವ ಜಾಗದಲ್ಲಿ. ಎರಡು ತುದಿಯ ನೀರಿನ ಮಟ್ಟ ಒಂದೇ ಇರುತ್ತದೆ. ಆ ಮಟ್ಟದಿಂದ ನೆಲಕ್ಕೆ ಎಷ್ಟು ಎಂಬುದನ್ನು ಎರಡೂ ಕಡೆ ಓದಿ ಕಳೆದರೆ ಎತ್ತರದ ವ್ಯತ್ಯಾಸ ಸಿಗುತ್ತದೆ. ಒಂದೇ ಜಾತಿಯ ಕನಿಷ್ಠ ಐದು ಸಹಜ ಗಿಡಗಳ ಬುಡದಿಂದ ಅಳೆಯಿರಿ. ನಿಮ್ಮ ಜಾಗ ಅವುಗಳಲ್ಲಿ ಅತಿ ತಗ್ಗಿನ ಗಿಡಕ್ಕಿಂತಲೂ ಕೆಳಗಿದ್ದರೆ ಕೈಬಿಡಿ. ಮರೆಯಬಾರದ ಮಾತು: ದೊಡ್ಡ ಮರದ ಬುಡದಿಂದ ಅಳೆಯಬೇಡಿ, ಬೇರು ಹಿಡಿದಿಟ್ಟ ಹೂಳಿನಿಂದ ಅಲ್ಲಿ ನೆಲ ಏರಿರುತ್ತದೆ.

ಬೇರೆ ಊರುಗಳವರಿಗೂ ಉಪಯೋಗವಾಗಲೆಂದು ಉಳಿದ ಲಕ್ಷಣಗಳನ್ನೂ ಹೇಳುತ್ತೇವೆ. ಎಲೆ ಹಳದಿಯಾಗಿ ಸಣ್ಣದಾಗಿ, ನೆಲ ಬಿರಿದು ಉಪ್ಪಿನ ಪದರ ಕಂಡರೆ ಜಾಗ ಎತ್ತರವಾಯಿತು. ಕೆಸರು ಕಪ್ಪಾಗಿ ಕೊಳೆತ ಮೊಟ್ಟೆಯ ವಾಸನೆ ಹೊಡೆಯುತ್ತಿದ್ದು, ಇಳಿತದಲ್ಲೂ ನೀರು ನಿಂತೇ ಇದ್ದರೆ ಎಲ್ಲೋ ಹರಿವು ಕಟ್ಟಿದೆ: ರಸ್ತೆಯ ಮೋರಿ ತುಂಬಿದೆ, ಅಥವಾ ಬಿಟ್ಟುಹೋದ ಸಿಗಡಿ ಕೆರೆಯ ಒಡ್ಡು ಅಡ್ಡ ಇದೆ. ಅಂಥಲ್ಲಿ ಗಿಡಕ್ಕೆ ಖರ್ಚು ಮಾಡುವ ಬದಲು ಪಂಚಾಯಿತಿಯ ಮೂಲಕ ಒಡ್ಡನ್ನು ಎರಡು ಮೂರು ಕಡೆ ಒಡೆಸಿ, ಹಳೆಯ ಕಾಲುವೆಯ ಹೂಳು ತೆಗೆಸಿ. ತಾಯಿಮರ ಹತ್ತಿರವಿದ್ದರೆ ಮುಂದಿನ ಮಳೆಗಾಲದ ಕೋಡುಗಳು ತಾವಾಗಿಯೇ ಬಂದು ನೆಲೆಯೂರುತ್ತವೆ. ತುದಿ ಮಾತ್ರ ಕತ್ತರಿಸಿದಂತಿದ್ದರೆ ದನ. ಅವಿಸೇನಿಯಾ ಎಂಬ ಕಾಂಡ್ಲಾ ಜಾತಿಯ ಎಲೆ ದನ, ಎಮ್ಮೆಗಳಿಗೆ ಇಷ್ಟ. ಬುಡದ ಸುತ್ತ ತೊಗಟೆ ಉಂಗುರದಂತೆ ಹೋಗಿದ್ದರೆ ಏಡಿ. ಗಿಡ ಕಿತ್ತು ನೋಡಿದಾಗ ಬೇರಿನ ಸುತ್ತ ಪ್ಲಾಸ್ಟಿಕ್ ಚೀಲ ಹಾಗೆಯೇ ಇದ್ದರೆ ತಪ್ಪು ನಮ್ಮದೇ.

ಈ ತಪ್ಪು ನಮ್ಮೊಬ್ಬರದಲ್ಲ. ಫಿಲಿಪ್ಪೀನ್ಸ್‌ನಲ್ಲಿ ದಶಕಗಟ್ಟಲೆ ನಡೆದ ನೆಡುವಿಕೆಯನ್ನು 2008ರಲ್ಲಿ ಪರಿಶೀಲಿಸಿದವರು ದೀರ್ಘಕಾಲ ಉಳಿದದ್ದು ಶೇ 10ರಿಂದ 20 ಮಾತ್ರ ಎಂದು ದಾಖಲಿಸಿದರು. ಶ್ರೀಲಂಕಾದಲ್ಲಿ 23 ಜಾಗಗಳನ್ನು ನೋಡಿ 2017ರಲ್ಲಿ ಪ್ರಕಟಿಸಿದ ಅಧ್ಯಯನದಲ್ಲಿ 9 ಕಡೆ ಒಂದು ಗಿಡವೂ ಉಳಿದಿರಲಿಲ್ಲ. ಎರಡೂ ಕಡೆ ಮುಖ್ಯ ಕಾರಣ ತಪ್ಪು ಜಾಗ.

ಪ್ರಶ್ನೆ: ನಮ್ಮ ಕೇರಿಯ ಹೆಂಗಸರು ಇಳಿತದ ಹೊತ್ತಿಗೆ ಬಳಚು (ಚಿಪ್ಪುಮೀನು) ಆರಿಸಿ ಮಾರುತ್ತೇವೆ. ಆ ದಿಬ್ಬದ ಮೇಲೇ ಕಾಂಡ್ಲಾ ನೆಡುತ್ತಾರಂತೆ. ಬೇಡವೆಂದರೆ ‘ಪರಿಸರಕ್ಕೆ ಅಡ್ಡ ಬರುತ್ತೀರಿ’ ಎನ್ನುತ್ತಾರೆ. ರಾಮ್‌ಸರ್ ಆದ ಮೇಲೆ ಹೊಳೆಗೆ ಇಳಿಯುವ ಹಾಗೇ ಇಲ್ಲ ಎಂದೂ ಕೆಲವರು ಹೆದರಿಸುತ್ತಾರೆ. ನಿಜವೇ?
– ಕುಮಟಾ ತಾಲ್ಲೂಕು

ಉತ್ತರ: ಅಕ್ಕ, ನೀವು ಹೇಳುತ್ತಿರುವುದೇ ಸರಿ. ಬಳಚು ಬೆಳೆಯುವುದು ಮರಳು ಬೆರೆತ, ತೆರೆದ, ನೀರಾಡುವ ದಿಬ್ಬದಲ್ಲಿ. ಅಲ್ಲಿ ಕಾಂಡ್ಲಾ ಹತ್ತಿದರೆ ಬೇರು ಸೆಳೆತ ತಗ್ಗಿಸಿ ನುಣ್ಣನೆಯ ಹೂಳು ಕೂರಿಸುತ್ತದೆ. ಬಳಚಿಗೆ ಆ ನೆಲ ಒಗ್ಗದು. ಹತ್ತದಿದ್ದರೆ, ಹೆಚ್ಚಾಗಿ ಆಗುವುದು ಅದೇ, ನೂರಾರು ಜನ ತುಳಿದ ದಿಬ್ಬವಷ್ಟೇ ಉಳಿಯುತ್ತದೆ. ಚಳಿಗಾಲಕ್ಕೆ ದೂರದಿಂದ ಬರುವ ದಂಡೆಹಕ್ಕಿಗಳು ಮೇಯುವುದೂ ಇಂಥ ತೆರೆದ ದಿಬ್ಬದಲ್ಲೇ. ಬಳಚಿನ ದಿಬ್ಬ ತಾನೇ ಒಂದು ಪರಿಸರ, ಅದನ್ನು ಬೇರೆಯದಾಗಿ ಬದಲಿಸಿದರೆ ಪುನಶ್ಚೇತನ ಎನಿಸುವುದಿಲ್ಲ.

ರಾಮ್‌ಸರ್ ವಿಷಯ: ಅದು ಜೌಗುನೆಲಗಳ ಅಂತರರಾಷ್ಟ್ರೀಯ ಒಪ್ಪಂದ. ಅಘನಾಶಿನಿ ಅಳಿವೆಯ 4,801 ಹೆಕ್ಟೇರ್ 2024ರಲ್ಲಿ ಅದರ ಪಟ್ಟಿ ಸೇರಿತು. ಜನರನ್ನು ಹೊರಹಾಕುವುದು ಆ ಒಪ್ಪಂದದ ಉದ್ದೇಶವಲ್ಲ, ಜೌಗುನೆಲದ ವಿವೇಕದ ಬಳಕೆ ಅದರ ತಿರುಳು. ಮೀನು, ಬಳಚು, ಗಜನಿ (ಹೊಳೆಬದಿಯ ಉಪ್ಪುನೀರಿನ ತಗ್ಗುಗದ್ದೆ) ಬೇಸಾಯ ಆ ಬಳಕೆಯೊಳಗೇ ಬರುತ್ತವೆ.

ಈಗ ಮಾಡಬೇಕಾದ್ದು ಸಭೆ. ಅದು ನೀವು ಹೊಳೆಯಲ್ಲಿರುವ ಹೊತ್ತಿಗೆ ನಡೆದರೆ ಪ್ರಯೋಜನವಿಲ್ಲ. ಇಳಿತದ ಹೊತ್ತು ತಪ್ಪಿಸಿ, ಕೇರಿಯಲ್ಲೇ ಇರಲಿ ಎಂದು ಪಟ್ಟುಹಿಡಿಯಿರಿ. ಮೊದಲ ಸುತ್ತು ಹೆಂಗಸರಷ್ಟೇ ಕೂರುವುದು ಒಳ್ಳೆಯದು, ಗಂಡಸರು ಸೇರಿದ ಕೂಡಲೇ ಮಾತು ದೋಣಿ, ಬಲೆಯತ್ತ ಹೋಗುತ್ತದೆ. ಅಂಗಳದಲ್ಲಿ ರಂಗೋಲಿ ಪುಡಿಯಿಂದ ಹೊಳೆಯ ನಕ್ಷೆ ಬಿಡಿಸಿ: ದಕ್ಕೆ, ಸೇತುವೆ, ದೇವಸ್ಥಾನ ಮೊದಲು, ಆಮೇಲೆ ಹೊಳೆಯ ಅಂಚು. ಬಳಚು ಸಿಗುವಲ್ಲಿ ಚಿಪ್ಪು ಇಡಿ, ಕಲ್ವ ಸಿಗುವಲ್ಲಿ ಕಲ್ಲು, ದೋಣಿ ಹೋಗುವ ದಾರಿಗೆ ಹಗ್ಗ, ಬಲೆ ಬಿಡುವಲ್ಲಿ ಕಡ್ಡಿ, ಹಿಂದೆ ಕಾಂಡ್ಲಾ ಇದ್ದು ಈಗ ಇಲ್ಲದ ಕಡೆ ಹಸಿರೆಲೆ. ಹಸಿರೆಲೆ ಬಿದ್ದ ಜಾಗವೇ ನೆಡಲು ಮೊದಲು ಪರಿಶೀಲಿಸಬೇಕಾದದ್ದು. ಚಿಪ್ಪು ಬಿದ್ದ ಜಾಗಕ್ಕೆ ಗಿಡ ಬೇಡ. ನಕ್ಷೆಯ ಫೋಟೊ ತೆಗೆದು, ಮಾರನೇ ಇಳಿತಕ್ಕೆ ನಡೆದು ಹೋಗಿ, ಗಡಿಗೆ ಬಿದಿರು ಗೂಟ ಹೊಡೆಯಿರಿ.

ಬಾಯಿಮಾತಿನ ಒಪ್ಪಿಗೆ ಅಧಿಕಾರಿ ಬದಲಾದ ದಿನ ಮುಗಿಯುತ್ತದೆ. 2002ರ ಜೈವಿಕ ವೈವಿಧ್ಯ ಕಾಯ್ದೆಯ ಪ್ರಕಾರ ಗ್ರಾಮ ಪಂಚಾಯಿತಿಯಲ್ಲಿ ಜೀವವೈವಿಧ್ಯ ನಿರ್ವಹಣಾ ಸಮಿತಿ ಇರಬೇಕು. ಬಳಚಿನ ದಿಬ್ಬವನ್ನು ಅದರ ಜನತಾ ಜೀವವೈವಿಧ್ಯ ದಾಖಲೆಯಲ್ಲಿ ಬರೆಸಿ, ಗ್ರಾಮಸಭೆಯ ಠರಾವು ಮಾಡಿಸಿ, ಪ್ರತಿಯನ್ನು ವಲಯ ಅರಣ್ಯಾಧಿಕಾರಿ ಕಚೇರಿಗೆ ಕೊಟ್ಟು ಸ್ವೀಕೃತಿ ಪಡೆಯಿರಿ.

ಪ್ರಶ್ನೆ: ಗಜನಿಯಲ್ಲಿ ಕಗ್ಗ ಭತ್ತ ಬೆಳೆಯುತ್ತೇನೆ. ಒಡ್ಡಿನ ಬದಿಗೆ ಕಾಂಡ್ಲಾ ನೆಡಿ ಎನ್ನುತ್ತಾರೆ. ಬೇರು ಒಡ್ಡು ಒಡೆಯುವುದಿಲ್ಲವೇ? ಆಮೇಲೆ ಜಾಗ ನಮ್ಮ ಕೈ ತಪ್ಪಿದರೆ?
– ಗಜನಿ ರೈತ, ಉತ್ತರ ಕನ್ನಡ

ಉತ್ತರ: ಹೊಳೆಯ ಕಡೆ, ಒಡ್ಡಿನ ಬುಡದಿಂದ ಎರಡು ಮೂರು ಮೀಟರ್ ಬಿಟ್ಟು ನೆಟ್ಟರೆ ಕಾಂಡ್ಲಾ ಒಡ್ಡಿಗೆ ರಕ್ಷೆ. ಅಲೆಯ ಹೊಡೆತ ಬೇರಿನಲ್ಲೇ ಸೋತು ಒಡ್ಡಿನ ಬುಡದ ಮಣ್ಣು ಕೊರೆಯುವುದು ಕಡಿಮೆಯಾಗುತ್ತದೆ. ಒಡ್ಡಿನ ಮೈಮೇಲೆ, ಕಲ್ಲಿನ ಸಂದಿಯಲ್ಲಿ ಮಾತ್ರ ಬೇಡ. ಅಲ್ಲಿ ಬೇರು ದಪ್ಪವಾಗುತ್ತ ಕಲ್ಲು ಸರಿಸುತ್ತದೆ, ಗಿಡ ಸತ್ತರೆ ಬೇರು ಕೊಳೆತ ತೂತಿನಿಂದ ನೀರು ಜಿನುಗುತ್ತದೆ. ತೂಬಿನ ಬಾಯಿಯ ಎರಡೂ ಬದಿಗೆ ಐದಾರು ಮೀಟರ್ ಖಾಲಿ ಬಿಡಿ, ಇಲ್ಲದಿದ್ದರೆ ಬಿಳಲುಬೇರಿಗೆ ಕಸ ಸಿಕ್ಕಿ ಗದ್ದೆಯ ನೀರು ಇಳಿಯುವುದಿಲ್ಲ. ಗದ್ದೆಯ ಒಳಗೆ ನೆಡುವುದು ಬೇಡವೇ ಬೇಡ. ಉಪ್ಪು ತಡೆದುಕೊಳ್ಳುವ ಕಗ್ಗದಂಥ ತಳಿ ಉಳಿದಿರುವುದು ನಿಮ್ಮಂಥವರ ಗದ್ದೆಯಲ್ಲಿ, ಅದೂ ಕಾಪಾಡಬೇಕಾದ ಸಂಪತ್ತೇ.

ಎರಡನೆಯ ಪ್ರಶ್ನೆಗೆ ಮುಚ್ಚುಮರೆಯಿಲ್ಲದ ಉತ್ತರ ಕೊಡಬೇಕು, ನೆಡಿಸಲು ಬರುವವರು ಇದನ್ನು ಹೇಳದೆ ಬಿಡುವುದೇ ಅಪನಂಬಿಕೆಗೆ ಮೂಲ. ಕಾಂಡ್ಲಾ ಬೆಳೆದ ಜಾಗ ಕರಾವಳಿ ನಿಯಂತ್ರಣ ವಲಯದ (ಸಿಆರ್‌ಝಡ್) ನಿಯಮದಲ್ಲಿ ಅತ್ಯಂತ ಬಿಗಿಯಾದ 1ಎ ವರ್ಗಕ್ಕೆ ಸೇರುತ್ತದೆ. ಕಾಂಡ್ಲಾ ಪ್ರದೇಶ 1,000 ಚದರ ಮೀಟರ್ ಮೀರಿದರೆ ಸುತ್ತಲಿನ 50 ಮೀಟರ್ ಪಟ್ಟಿಯೂ ಅದೇ ವರ್ಗಕ್ಕೆ. 2019ರ ಅಧಿಸೂಚನೆ ಖಾಸಗಿ ಜಮೀನಿನ ಕಾಂಡ್ಲಾಕ್ಕೆ ಈ ಪಟ್ಟಿಯಿಂದ ವಿನಾಯಿತಿ ಕೊಟ್ಟಿದೆ. ಮಾಲೀಕತ್ವ ಹೋಗುವುದಿಲ್ಲ, ಆದರೆ ಬೆಳೆದದ್ದನ್ನು ಮನಸ್ಸು ಬಂದಾಗ ಕಡಿಯಲಾಗದು. ಆದ್ದರಿಂದ ಮೊದಲು ಸರ್ವೆ ನಕ್ಷೆ ತೆಗೆಸಿ, ನೆಡುವ ಪಟ್ಟಿ ನಿಮ್ಮ ಸರ್ವೆ ನಂಬರಿನೊಳಗೋ ಹೊಳೆ ಪರಂಬೋಕಿನಲ್ಲೋ (ಸರ್ಕಾರಿ ಜಾಗದಲ್ಲೋ) ನೋಡಿಕೊಳ್ಳಿ. ಪರಂಬೋಕಿನಲ್ಲಾದರೆ ಆ ವಿನಾಯಿತಿ ಇಲ್ಲ, ಕಾಂಡ್ಲಾ 1,000 ಚದರ ಮೀಟರ್ ಮೀರಿದಾಗ 50 ಮೀಟರ್ ಪಟ್ಟಿ ನಿಮ್ಮ ಗದ್ದೆಯನ್ನೂ ಮುಟ್ಟಬಹುದು.

ಪ್ರಶ್ನೆ: ನಮ್ಮ ಸ್ವಸಹಾಯ ಸಂಘ 1,000 ಗಿಡಗಳ ನರ್ಸರಿ ಮಾಡಬೇಕೆಂದಿದೆ. ಎಷ್ಟು ಜಾಗ, ಎಷ್ಟು ಚೀಲ, ಎಷ್ಟು ಕೋಡು?
– ಹೊನ್ನಾವರ

ಉತ್ತರ: ಸಾವಿರ ಗಿಡ ಕೈಗೆ ಬರಬೇಕಾದರೆ 1,200 ಚೀಲ ತುಂಬಿ, 1,400 ಕೋಡು ಆರಿಸಿ. 5×8 ಇಂಚಿನ ಚೀಲಕ್ಕೆ ಸುಮಾರು 0.9 ಲೀಟರ್ ಮಣ್ಣು ಹಿಡಿಯುತ್ತದೆ, ಒಟ್ಟು ಒಂದು ಘನ ಮೀಟರಿಗೆ ಸ್ವಲ್ಪ ಹೆಚ್ಚು. ಹೊಳೆಬದಿಯ ಕೆಸರೇ ಸಾಕು, ಗೊಬ್ಬರ ಬೇಡ. ತೀರಾ ಜಿಗುಟಾಗಿದ್ದರೆ ಕಾಲುಭಾಗ ಮರಳು ಬೆರೆಸಿ. ಒಂದೇ ಕಡೆ ಗುಂಡಿ ತೋಡದೆ ನಾಲ್ಕಾರು ಕಡೆಯಿಂದ ಮೇಲ್ಪದರ ತೆಗೆಯಿರಿ. ಚೀಲದ ತಳ ಮತ್ತು ಬದಿಗೆ ಎಂಟು ತೂತು. ಚದರ ಮೀಟರಿಗೆ ಸುಮಾರು 140 ಚೀಲ ನಿಲ್ಲುವುದರಿಂದ ಒಂದು ಮೀಟರ್ ಅಗಲ, ಒಂಬತ್ತು ಮೀಟರ್ ಉದ್ದದ ಮಡಿ ಸಾಕು. ಮಡಿ ಇನ್ನೂ ಅಗಲವಾದರೆ ನಡುವಿನ ಚೀಲಕ್ಕೆ ಕೈ ಎಟುಕುವುದಿಲ್ಲ. ದಿನದ ಉಬ್ಬರ ಮಡಿಯನ್ನು ಒಂದು ಗೇಣು ಮುಳುಗಿಸಿ ಇಳಿದುಹೋಗುವ ಜಾಗ ನೋಡಿ. ಸುತ್ತ ಹಳೆಯ ಬಲೆಯ ಬೇಲಿ ಹಾಕಿ, ಕೆಳ ಅಂಚನ್ನು ಕೆಸರಿನಲ್ಲಿ ಅರ್ಧ ಅಡಿ ಹೂಳಿ. ಏಡಿ ಬರುವುದು ಅಡಿಯಿಂದಲೇ.

ಕೋಡು ತರುವ ಮೊದಲು ಅರಣ್ಯ ಇಲಾಖೆಯ ಅನುಮತಿ ಬೇಕು. ರೈಜೋಫೊರಾ ಎಂಬ ಕಾಂಡ್ಲಾ ಜಾತಿಯ ಕೋಡು ಮರದಲ್ಲೇ ಮೊಳೆತು ನುಗ್ಗೆಕಾಯಿಯಂತೆ ಜೋತಾಡುತ್ತದೆ, ಮಳೆಗಾಲದಲ್ಲಿ ಬಲಿಯುತ್ತದೆ. ಕಾಯಿ ಮತ್ತು ಕೋಡು ಕೂಡುವಲ್ಲಿ ಹಳದಿ ಅಥವಾ ಕಂದು ಕೊರಳುಪಟ್ಟಿ ಕಂಡರೆ ಬಲಿತಿದೆ. ಮೆಲ್ಲನೆ ತಿರುಗಿಸಿದರೆ ಕಳಚಿ ಬರಬೇಕು. ಎಳೆಯಬೇಕಾಗಿ ಬಂದರೆ ಅದು ಇನ್ನೂ ಬಲಿತಿಲ್ಲ. ಸೂಜಿಮೊನೆಯಷ್ಟು ತೂತು, ಪುಡಿ ಕಂಡದ್ದನ್ನು ತೆಗೆದುಹಾಕಿ, ಒಳಗೆ ಕೊರೆಯುವ ಹುಳು ಇರುತ್ತದೆ. ಆರಿಸಿದ್ದನ್ನು ನೆರಳಿನಲ್ಲಿ ಒದ್ದೆ ಗೋಣಿಚೀಲ ಮುಚ್ಚಿ ಇಡಿ, ಬಿಸಿಲಿಗೆ ಒಂದು ಮಧ್ಯಾಹ್ನ ಬಿದ್ದರೂ ಹೋಯಿತು. ಚೀಲದಲ್ಲಿ ಕಾಯಿ ಕಳಚಿದ ಕಡೆಯ, ಚೂಪುಮೊಗ್ಗಿನ ತುದಿ ಮೇಲೆ, ಕೋಡಿನ ಮೂರನೇ ಒಂದು ಭಾಗವನ್ನಷ್ಟೇ ಊರಿ. ತಲೆಕೆಳಗೆ ಊರುವುದು ಹೊಸಬರು ಮಾಡುವ ತಪ್ಪು, ಮೊದಲ ದಿನ ಪ್ರತಿಯೊಬ್ಬರ ಕೈಯನ್ನೂ ನೋಡಿ. ಅವಿಸೇನಿಯಾ ಬೀಜವಾದರೆ ಒಂದು ದಿನ ನೀರಿನಲ್ಲಿ ನೆನೆಸಿ, ಸಿಪ್ಪೆ ಕಳಚಿದ ಮೇಲೆ ಮಣ್ಣಿನ ಮೇಲ್ಮೈಯಲ್ಲಿ ಮೆಲ್ಲನೆ ಒತ್ತಿ, ಹೂತರೆ ಕೊಳೆಯುತ್ತದೆ.

ನಾಲ್ಕರಿಂದ ಆರು ಎಲೆ ಬಂದಾಗ ನೆಡಲು ಸಿದ್ಧ. ಸಾಲಿನ ಅಂತರ ಒಂದೂವರೆ–ಎರಡು ಮೀಟರ್. ಕೊಂಡೊಯ್ದ ಚೀಲವನ್ನೂ ಮರಳಿ ಬಂದ ಖಾಲಿ ಚೀಲವನ್ನೂ ಎಣಿಸಿ ಪುಸ್ತಕದಲ್ಲಿ ಬರೆಯಿರಿ. ಎರಡು ಲೆಕ್ಕ ಸರಿಹೊಂದದ ದಿನ ಯಾರೋ ಚೀಲ ಸಮೇತ ನೆಟ್ಟಿದ್ದಾರೆ, ಅವತ್ತೇ ಹೋಗಿ ಹುಡುಕಬೇಕು. ಹೊಸಬರಿಗೆ ಜಾತಿ ಗುರುತಿಸಲು ಕಲಿಸಲು ನಿಮ್ಮ ಊರಿನ ಶರಾವತಿ ಕಾಂಡ್ಲಾ ನಡಿಗೆದಾರಿಯನ್ನು ಬಳಸಿಕೊಳ್ಳಿ, ಕೆಸರು ತುಳಿಯದೆ ಬೇರು, ಎಲೆ, ಕೋಡು ಮೂರನ್ನೂ ಹತ್ತಿರದಿಂದ ತೋರಿಸಬಹುದು.

ಪ್ರಶ್ನೆ: ನಮ್ಮ ಕಂಪನಿಯ 200 ಉದ್ಯೋಗಿಗಳು ಒಂದು ಶನಿವಾರ ಬಂದು ಕಾಂಡ್ಲಾ ನೆಡಲು ಸಿದ್ಧರಿದ್ದೇವೆ. ಹಣವೂ ಇದೆ. ಎಲ್ಲಿಗೆ ಬರಲಿ?
– ಬೆಂಗಳೂರು

ಉತ್ತರ: ನಿಮ್ಮ ಮನಸ್ಸು ದೊಡ್ಡದು, ಆದರೆ 400 ಕಾಲುಗಳನ್ನು ತಾಳುವ ಕೆಸರು ಇಲ್ಲ. ತುಳಿತಕ್ಕೆ ಕೆಸರಿನಿಂದ ಮೇಲೆದ್ದ ಉಸಿರುಬೇರು ಮುರಿಯುತ್ತದೆ, ತಾನಾಗಿ ಎದ್ದ ಬೆರಳುದ್ದದ ಸಸಿಗಳು ಹೂತುಹೋಗುತ್ತವೆ. 2021ರ ಅರಣ್ಯ ವರದಿಯ ಪ್ರಕಾರ ಇಡೀ ಕರ್ನಾಟಕದಲ್ಲಿ ಕಾಂಡ್ಲಾ ಇರುವುದೇ 13 ಚದರ ಕಿಲೋಮೀಟರ್. ಇಪ್ಪತ್ತೈದು ಜನ ಬನ್ನಿ, ಮರಗಳಿಗೆ ಸುತ್ತಿಕೊಂಡ ಹಳೆಯ ಬಲೆ, ಪ್ಲಾಸ್ಟಿಕ್ಕನ್ನು ಕತ್ತರಿ ಹಿಡಿದು ಬಿಡಿಸಿ. ಎಳೆಯಬೇಡಿ, ಕೊಂಬೆ ಮುರಿಯುತ್ತದೆ.

ಹಣವನ್ನು ಗಿಡಕ್ಕಿಂತ ಕಾವಲು ಮತ್ತು ಎಣಿಕೆಗೆ ಕೊಡಿ, ಒಂದಲ್ಲ ಮೂರು ವರ್ಷಕ್ಕೆ. ಊರಿನ ಇಬ್ಬರಿಗೆ ಅರೆಕಾಲಿಕ ಕೂಲಿ, ದನ ತಡೆಯಲು ಬೇಲಿ, ಸತ್ತ ಗಿಡದ ಜಾಗಕ್ಕೆ ಮರುನೆಡುವಿಕೆ, ಇಷ್ಟು ಸೇರಿರಲಿ. ಎಣಿಕೆಗೆ 5×5 ಮೀಟರಿನ ಹತ್ತು ಚೌಕಗಳನ್ನು ಗೂಟ ಹೊಡೆದು ಗುರುತಿಸಿ, 1, 3, 6, 12, 24, 36ನೇ ತಿಂಗಳಲ್ಲಿ ಅದೇ ಚೌಕದ ಬದುಕಿದ ಗಿಡ, ಎತ್ತರ, ತಾನಾಗಿ ಬಂದ ಸಸಿ ಮೂರನ್ನೂ ಬರೆಸಿ. ಚೌಕಗಳನ್ನು ಗಿಡ ಚೆನ್ನಾಗಿರುವ ಕಡೆಗೇ ಆರಿಸದೆ ಹೊಳೆಯಂಚಿನಿಂದ ದಡದವರೆಗೆ ಸಮ ಅಂತರದಲ್ಲಿ ಇಡಿ. ವರದಿಯಲ್ಲಿ ‘ಎಷ್ಟು ನೆಟ್ಟೆವು’ ಎಂಬ ಸಾಲಿನ ಪಕ್ಕದಲ್ಲೇ ‘36ನೇ ತಿಂಗಳಲ್ಲಿ ಎಷ್ಟು ಇವೆ’ ಎಂಬ ಸಾಲು ಇರಬೇಕೆಂದು ಒಪ್ಪಂದದಲ್ಲೇ ಬರೆಸಿ, ಕೊನೆಯ ಕಂತನ್ನು ಆ ಎಣಿಕೆ ಮುಗಿದ ಮೇಲೆ ಬಿಡುಗಡೆ ಮಾಡಿ.